ಮೊದಲ ರ‍್ಯಾಂಕ್ ಹೆಸರಿಗೋ, ಅಂಗಡಿಗೋ?

ಹೆದ್ದಾರಿಯ ಬದಿಯ ಪೆಟ್ರೋಲ್ ಬಂಕುಗಳನ್ನು ನೀವೆಲ್ಲ ನೋಡಿದ್ದೀರಿ. ಫಲಕದ ಮೇಲಿರುವುದು ತೈಲ ಕಂಪನಿಯ ಹೆಸರು. ನಡೆಸುವವರು ಸಾಮಾನ್ಯವಾಗಿ ಒಬ್ಬ ಡೀಲರು. ಫ್ರಾಂಚೈಸಿ ವ್ಯಾಪಾರ ಇದರ ಹತ್ತಿರದ ನೆಂಟ. ಹೆಸರು, ಪದಾರ್ಥ, ತಯಾರಿಸುವ ಕ್ರಮ ಇವು ಕಂಪನಿಯವು. ಬಂಡವಾಳ, ಬಾಡಿಗೆ, ಕೆಲಸದವರ ಸಂಬಳ, ನಷ್ಟದ ಭಯ ಇವು ಅಂಗಡಿಯವರ ಪಾಲು. ಹೆಸರನ್ನು ಬಳಸಲು ಮೊದಲಿಗೆ ಒಂದು ಶುಲ್ಕ, ಆಮೇಲೆ ಸಾಮಾನ್ಯವಾಗಿ ತಿಂಗಳ ವ್ಯಾಪಾರದಲ್ಲಿ ಶೇಕಡಾ ಇಷ್ಟೆಂದು ರಾಯಲ್ಟಿ. ಗಮನಿಸಿ, ರಾಯಲ್ಟಿ ಕಟ್ಟುವುದು ಲಾಭದ ಮೇಲಲ್ಲ, ವ್ಯಾಪಾರದ ಮೇಲೆ. ತಿಂಗಳಿಗೆ 3 ಲಕ್ಷ ರೂಪಾಯಿ ವ್ಯಾಪಾರವಾಗಿ, ರಾಯಲ್ಟಿ ಶೇ. 6 ಇದ್ದರೆ, ಲಾಭ ಬರಲಿ ಬಿಡಲಿ 18,000 ರೂಪಾಯಿ ಕೊಡಲೇಬೇಕು.

ಈಗ ಹೀಗೆ ಊಹಿಸಿಕೊಳ್ಳಿ. ಅರಿಸಿನ, ಚೆಂಡುಹೂವು ಬೆಳೆದು ಕೂಡಿಟ್ಟ ಹಣದಲ್ಲಿ ಗುಂಡ್ಲುಪೇಟೆಯಲ್ಲೊಂದು ಫ್ರಾಂಚೈಸಿ ಅಂಗಡಿ ತೆರೆಯಬೇಕೆಂದು ನಿಮ್ಮ ತಂದೆಯವರು ಯೋಚಿಸುತ್ತಿದ್ದಾರೆ. ಕಂಪನಿಯ ಪ್ರತಿನಿಧಿ ಬಂದು ಒಂದು ಪಟ್ಟಿ ತೋರಿಸುತ್ತಾರೆ: "ಈ ವರ್ಷ ಮೊದಲ ಹತ್ತರಲ್ಲಿ ನಾವಿದ್ದೇವೆ." ಮನೆಯಲ್ಲಿ ಲೆಕ್ಕ ಬಲ್ಲವರು ನೀವೇ. ಏನೆಂದು ಕೇಳುವಿರಿ?

ಇಂಥ ಪಟ್ಟಿಗಳಲ್ಲಿ ಹೆಸರಾದದ್ದು ಅಮೆರಿಕದ 'ಆಂತ್ರಪ್ರೆನರ್' ಪತ್ರಿಕೆಯ 'ಫ್ರಾಂಚೈಸ್ 500'. ಇದು 1980ರಲ್ಲಿ ಆರಂಭವಾಯಿತು. ಕಂಪನಿಗಳು ತಾವಾಗಿ ವಿವರ ಸಲ್ಲಿಸಿ ಇದರಲ್ಲಿ ಭಾಗವಹಿಸುತ್ತವೆ. ಖರ್ಚು ಮತ್ತು ಶುಲ್ಕ, ಗಾತ್ರ ಮತ್ತು ಬೆಳವಣಿಗೆ, ಅಂಗಡಿಯವರಿಗೆ ಕೊಡುವ ನೆರವು, ಹೆಸರಿನ ಬಲ, ಹಣಕಾಸಿನ ಸ್ಥಿರತೆ ಇವುಗಳಿಗೆ ಅಂಕ ಕೊಟ್ಟು ಕೂಡಿಸಲಾಗುತ್ತದೆ. ಇದು ಯಾವ ಕಂಪನಿಗೂ ಕೊಟ್ಟ ಶಿಫಾರಸು ಅಲ್ಲವೆಂದು ಪತ್ರಿಕೆಯೇ ಹೇಳುತ್ತದೆ.

ಕೂಡಿಸುವ ಕ್ರಮದಲ್ಲೇ ಒಂದು ಸೂಕ್ಷ್ಮವಿದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕಕ್ಕೂ ಸಿಇಟಿ ಅಂಕಕ್ಕೂ ಅರ್ಧರ್ಧ ತೂಕ ಕೊಡುವುದು ನಿಮಗೆ ಗೊತ್ತು. ತೂಕ ಬದಲಾದರೆ ರ‍್ಯಾಂಕೂ ಬದಲಾಗುತ್ತದೆ. 'ಅ' ಮತ್ತು 'ಬ' ಎಂಬ ಎರಡು ಕಾಲ್ಪನಿಕ ಕಂಪನಿಗಳನ್ನು ತೆಗೆದುಕೊಳ್ಳಿ. ಗಾತ್ರಕ್ಕೆ 'ಅ' ಪಡೆದದ್ದು 90, 'ಬ' ಪಡೆದದ್ದು 60. ಅಂಗಡಿಗಳು ಬಾಳಿ ಉಳಿಯುವುದಕ್ಕೆ 'ಅ' 50, 'ಬ' 90. ಗಾತ್ರಕ್ಕೆ ಶೇ. 70, ಉಳಿಯುವಿಕೆಗೆ ಶೇ. 30 ತೂಕ ಕೊಟ್ಟರೆ 'ಅ'ಗೆ 78, 'ಬ'ಗೆ 69, 'ಅ' ಮೊದಲು. ತೂಕವನ್ನು ತಿರುವುಮುರುವು ಮಾಡಿದರೆ 'ಅ'ಗೆ 62, 'ಬ'ಗೆ 81. ಯಾವ ಅಂಗಡಿಯಲ್ಲೂ ಏನೂ ಬದಲಾಗಲಿಲ್ಲ, ಆದರೂ ಮೊದಲಿನವರು ಎರಡನೆಯವರಾದರು.

ಬೆಳವಣಿಗೆಯ ಅಂಕಿಯನ್ನೂ ಬಿಡಿಸಿ ನೋಡಬೇಕು. ಕಳೆದ ವರ್ಷ ನೂರು ಅಂಗಡಿ. ಈ ವರ್ಷ ಹೊಸದಾಗಿ 60 ತೆರೆದವು, ಹಳೆಯವು 30 ಮುಚ್ಚಿದವು. ಒಟ್ಟು 130. ಪಟ್ಟಿಯಲ್ಲಿ ಇದು ಶೇ. 30ರ ಬೆಳವಣಿಗೆ. ಆದರೆ ಹಳೆಯ ನೂರು ಮಂದಿಯಲ್ಲಿ 30 ಮಂದಿ ಬಾಗಿಲು ಹಾಕಿದ ಸಂಗತಿ ಆ ಒಂದು ಅಂಕಿಯೊಳಗೆ ಮರೆಯಾಯಿತು. ನಿಮ್ಮ ತಂದೆಯವರು ತಿಳಿಯಬೇಕಾದದ್ದು ಈ ಎರಡನೆಯ ಅಂಕಿ.

ಇನ್ನು ಊರಿನ ಮಾತು. ಪಟ್ಟಿಯು ಇಡೀ ಕಂಪನಿಯನ್ನು ಅಳೆಯುತ್ತದೆ, ನಿಮ್ಮ ಬೀದಿಯನ್ನಲ್ಲ. 1997ರಲ್ಲಿ ಜಿಲ್ಲಾ ಕೇಂದ್ರವಾದ ಚಾಮರಾಜನಗರದಲ್ಲಿ ಕಚೇರಿಗೆ, ಕಾಲೇಜಿಗೆ ಬರುವ ಗಿರಾಕಿಗಳಿದ್ದಾರೆ. ಗುಂಡ್ಲುಪೇಟೆಯ ಹೆದ್ದಾರಿ ಅಂಗಡಿಗೆ ಊಟಿ, ವಯನಾಡಿನ ಕಡೆ ಹೋಗುವ ಪ್ರಯಾಣಿಕರೂ ಬೇಕು. ಬಂಡೀಪುರದ ವನ್ಯಪ್ರಾಣಿಗಳ ರಕ್ಷಣೆಗಾಗಿ 2009ರಲ್ಲಿ ಬಂದ ನಿರ್ಬಂಧದಂತೆ, ಕಾಡಿನೊಳಗಿನ ಆ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ತುರ್ತು ವಾಹನಗಳು ಮತ್ತು ಕೆಲವೇ ಬಸ್ಸುಗಳ ಹೊರತು ಸಂಚಾರವಿಲ್ಲ. ರಾತ್ರಿಯಿಡೀ ಗಿರಾಕಿ ಬರುವ ನಗರದ ಅಂಗಡಿಯ ಲೆಕ್ಕವನ್ನು ಇಲ್ಲಿಗೆ ತಂದು ಹಚ್ಚಿದರೆ ಸರಿಹೋಗುವುದೇ?

ಅಮೆರಿಕದಲ್ಲಿ ಫೆಡರಲ್ ವ್ಯಾಪಾರ ಆಯೋಗದ ನಿಯಮದಂತೆ, ಸಹಿ ಹಾಕಿಸುವ ಅಥವಾ ಹಣ ಪಡೆಯುವ ಕನಿಷ್ಠ 14 ದಿನ ಮೊದಲೇ ಕಂಪನಿಯು 23 ಬಾಬುಗಳ ಮಾಹಿತಿ ಪತ್ರ ಕೊಡಬೇಕು. ಅದರ 20ನೆಯ ಬಾಬಿನಲ್ಲಿ ಮೂರು ವರ್ಷಗಳಲ್ಲಿ ತೆರೆದ, ಮುಚ್ಚಿದ, ಕೈ ಬದಲಾದ ಅಂಗಡಿಗಳ ಲೆಕ್ಕವಿರುತ್ತದೆ. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. 1872ರ ಕರಾರು ಕಾಯಿದೆ, 1999ರ ಟ್ರೇಡ್ ಮಾರ್ಕ್ಸ್ ಕಾಯಿದೆ ಮುಂತಾದವು ಅನ್ವಯಿಸುತ್ತವೆ. ಆದ್ದರಿಂದ ಇಲ್ಲಿ ಕೇಳಿ ತಿಳಿಯುವ ಹೊಣೆ ಹಣ ಹಾಕುವವರದೇ.

ಕೇಳಬೇಕಾದದ್ದು ಇಷ್ಟು: ಮೂರು ವರ್ಷಗಳಲ್ಲಿ ಎಷ್ಟು ಅಂಗಡಿ ಮುಚ್ಚಿದವು? ನಮ್ಮಷ್ಟೇ ದೊಡ್ಡ ಊರಿನಲ್ಲಿ ನಡೆಯುತ್ತಿರುವ ಅಂಗಡಿ ಯಾವುದು, ಅವರೊಡನೆ ಮಾತನಾಡಬಹುದೇ? ಬಿಟ್ಟುಹೋದವರು ಏಕೆ ಬಿಟ್ಟರು? ಕರಾರು ಮುರಿದರೆ ಠೇವಣಿ ಹಿಂದಿರುಗುವುದೇ? ಉತ್ತರಗಳನ್ನು ಬರೆದುಕೊಳ್ಳಿ, ಕರಾರನ್ನು ವಕೀಲರಿಗೆ ಓದಿಸಿ. ಸಹಿಯ ಮಾತು ಅದರ ನಂತರ.

ಈ ವಾರ ಗೆಳೆಯರೊಡನೆ ನಿಮ್ಮ ಊರಿನ ಒಂದು ಫ್ರಾಂಚೈಸಿ ಅಂಗಡಿಗೆ ಹೋಗಿ, ಬಿಡುವಿನ ಹೊತ್ತು ನೋಡಿ, ಮೊದಲ ಪ್ರಶ್ನೆಗಳನ್ನು ವಿನಯದಿಂದ ಕೇಳಿ. ಪಟ್ಟಿಯಲ್ಲಿ ಸಿಗದ ಎಷ್ಟೋ ಸಂಗತಿಗಳನ್ನು ಅಲ್ಲಿಯವರು ಹೇಳಿಯಾರು.