ಹೆದರಿಸುವ ಪುಸ್ತಕ: ಯಾವುದು, ಯಾರಿಗೆ?

ಕನ್ನಡ ಮಾಧ್ಯಮ ಶಾಲೆಗಳಲ್ಲಿ ವಾಚನಾಭಿರುಚಿಯ ಮಾತು ಬಂದಾಗಲೆಲ್ಲ ಕಪಾಟಿನಿಂದ ಮೊದಲು ಹೊರಬರುವುದು ನೀತಿಕಥೆಗಳ ಸಂಗ್ರಹ. ಮಕ್ಕಳು ಕೇಳುವುದು ದೆವ್ವದ ಕಥೆಯನ್ನು. ಇದನ್ನು ಕೀಳು ಅಭಿರುಚಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಮಗುವಿಗೆ ಅಂಗಡಿಯ ಫಲಕದಲ್ಲಾಗಲಿ ಬಸ್ಸಿನ ಹಲಗೆಯಲ್ಲಾಗಲಿ ಕನ್ನಡದ ಅಕ್ಷರ ಕಾಣುವುದೇ ಅಪರೂಪ. ಅಂಥ ಮಗು ತಾನಾಗಿ ಒಂದು ಕನ್ನಡ ಪುಸ್ತಕ ಕೇಳಿದಾಗ ಇಲ್ಲವೆಂದರೆ, ಅದು ಅದೇ ಕಥೆಯನ್ನು ಮೊಬೈಲಿನಲ್ಲಿ ಇನ್ನೊಂದು ಭಾಷೆಯಲ್ಲಿ ಹುಡುಕಿಕೊಳ್ಳುತ್ತದೆ.

ಭಯದ ಸಾಹಿತ್ಯ ಕನ್ನಡಕ್ಕೆ ಹೊರಗಿನದಲ್ಲ. ನಾಟ್ಯಶಾಸ್ತ್ರವು ಭಯಾನಕವನ್ನು ಎಂಟು ರಸಗಳಲ್ಲಿ ಒಂದಾಗಿ ಎಣಿಸಿದೆ. ರನ್ನನ ಗದಾಯುದ್ಧದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನು ಮರುಳುಗಳು ಮೂದಲಿಸುತ್ತವೆ. ಪುರಂದರದಾಸರ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡುತ್ತಾನೆ. ಶಾಸ್ತ್ರಕಾರರು ಮಾಡಿದ ಒಂದು ಭೇದ ಶಿಕ್ಷಕರಿಗೆ ಇಂದಿಗೂ ಉಪಯುಕ್ತ: ಭಯವು ಭಾವ, ಭಯಾನಕವು ರಸ. ಹುಲಿಯ ಎದುರು ನಿಂತವನಿಗೆ ಇರುವುದು ಭಯ. ಹುಲಿಯ ಕಥೆಯನ್ನು ಗೆಳೆಯನ ಪಕ್ಕ ಕುಳಿತು ಓದುವವನಿಗೆ ದೊರೆಯುವುದು ರಸ. ಪುಸ್ತಕದ ಆಯ್ಕೆಯೆಂದರೆ ಮಗುವನ್ನು ಈ ಎರಡನೆಯ ಸ್ಥಾನದಲ್ಲಿ ಉಳಿಸುವ ಕೆಲಸ.

ಕೆಳ ತರಗತಿಗಳಲ್ಲಿ ರಕ್ಕಸ, ಗುಮ್ಮ, ಹುಲಿಗಳಿಗೆ ಮಕ್ಕಳು ಅಷ್ಟಾಗಿ ಹೆದರುವುದಿಲ್ಲ. ಅವರನ್ನು ನಿಜವಾಗಿ ಕಾಡುವುದು ಅಗಲಿಕೆ. ಗೋವಿನ ಹಾಡಿನಲ್ಲಿ ಅರ್ಬುತನ ಗರ್ಜನೆಗಿಂತ, ಪುಣ್ಯಕೋಟಿ ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಭಾಗ ಹೆಚ್ಚು ಕಠಿಣ. ನಾರಾಯಣಖೇಡದ ತಾಂಡಾಗಳಿಂದ ತಂದೆತಾಯಿಗಳು ಕಬ್ಬು ಕಡಿಯಲು ದೂರ ಹೋದಾಗ ಅಜ್ಜಿಯ ಬಳಿ ಉಳಿಯುವ ಮಗುವಿಗೆ ಅದು ಬರಿಯ ಕಥೆಯಾಗಿರುವುದಿಲ್ಲ. ಕುವೆಂಪು ಅವರ ಕಿಂದರಿಜೋಗಿಯ ಹಿಂದೆ ಹೋದ ಮಕ್ಕಳು ಮರಳುವುದಿಲ್ಲವೆಂಬುದೂ ಹೀಗೆಯೇ. ಈ ಕೃತಿಗಳನ್ನು ಬಿಡಬೇಕೆಂದಲ್ಲ. ಅಂಥ ಮಗುವಿನ ಕೈಗೆ ಒಂಟಿಯಾಗಿ ಓದಲು ಕೊಡದೆ, ತರಗತಿಯಲ್ಲಿ ಎಲ್ಲರೊಡನೆ ಹಾಡಿಸಬೇಕು.

ಮಧ್ಯಮ ತರಗತಿಗಳಿಗೆ ಬೇತಾಳ ಕಥೆಗಳಷ್ಟು ಒಗ್ಗುವುದು ಬೇರೊಂದಿಲ್ಲ. ಸ್ಮಶಾನ, ಹೆಣ, ಮರ ಎಲ್ಲವೂ ಹೊರಗಿನ ಚೌಕಟ್ಟು. ಒಳಗಿರುವುದು ಒಂದು ಒಗಟು. ಹೆದರಿಕೆ ಮುಗಿಯುವ ಹೊತ್ತಿಗೆ ವಾದ ಆರಂಭವಾಗಿರುತ್ತದೆ. ನಿಧಾನವಾಗಿ ಓದುವ ಮಗುವಿಗೂ ಪ್ರತಿ ಕಥೆ ಚಿಕ್ಕದು, ಆರಂಭ ಮತ್ತು ಅಂತ್ಯ ಪರಿಚಿತ. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾಗಿ ಬಳಿಕ ಕನ್ನಡಕ್ಕೂ ಬಂದ ಚಂದಮಾಮದ ಹಳೆಯ ಸಂಚಿಕೆಗಳು ದೊರೆತರೆ, ಎರಡೂ ಭಾಷೆ ಬಲ್ಲ ಮಕ್ಕಳಿಗೆ ಒಂದೇ ಬೇತಾಳನನ್ನು ಎರಡು ಲಿಪಿಗಳಲ್ಲಿ ಓದಿ ಹೋಲಿಸುವ ಅವಕಾಶವಿದೆ.

ಈ ದ್ವಿಭಾಷಿಕತೆ ಗಡಿಭಾಗದ ಶಿಕ್ಷಕರಿಗೆ ಒದಗಿದ ಸಂಪತ್ತು. ಕರ್ನಾಟಕದ ಗೋಡೆಗಳ ಮೇಲೆ ಒಂದು ಕಾಲದಲ್ಲಿ ಬರೆದ ‘ನಾಳೆ ಬಾ’ ಎಂಬುದಕ್ಕೆ ತೆಲುಗಿನ ಮನೆಬಾಗಿಲುಗಳಲ್ಲಿ ‘ಓ ಸ್ತ್ರೀ ರೇಪು ರಾ’ ಎಂಬ ಜೋಡಿಯಿದೆ. ಪರಿಚಿತರ ದನಿಯಲ್ಲಿ ಕರೆಯುವ ದೆವ್ವ ಈ ಬರಹ ಓದಿ ಹಿಂದಿರುಗುತ್ತದೆ, ಮರುದಿನ ಮತ್ತೆ ಅದನ್ನೇ ಓದುತ್ತದೆ. ಅಂದರೆ ಈ ದೆವ್ವ ಸಾಕ್ಷರ! ಅದಕ್ಕೆ ಯಾವ ಲಿಪಿ ಬರುತ್ತದೆ, ಕನ್ನಡದ ಮನೆಗೆ ಬಂದ ತೆಲುಗಿನ ದೆವ್ವ ಏನು ಮಾಡೀತು ಎಂದು ಬರೆಯಲು ಹೇಳಿದರೆ ಹೆದರಿಕೆ ನಗೆಯಾಗುತ್ತದೆ, ಬರವಣಿಗೆಯೂ ಆಗುತ್ತದೆ.

ದೆವ್ವವನ್ನು ನಂಬುವುದಿಲ್ಲವೆಂದು ಎದೆಯುಬ್ಬಿಸುವ ಹುಡುಗ ಹುಡುಗಿಯರಿಗೆ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಬೇಟೆಯ ಕಥನಗಳು ಸರಿ. ‘ಪೆದ್ದಚೆರುವಿನ ರಾಕ್ಷಸ’ ಎಂಬ ಹೆಸರಿನಲ್ಲಿರುವುದು ದೊಡ್ಡ ಕೆರೆಯೆಂದು ಮೈಸೂರಿನ ಮಗುವಿಗೆ ವಿವರಿಸಬೇಕು. ತಾಂಡೂರಿನ ಮಗುವಿಗೆ ಬೇಕಿಲ್ಲ. ಕಾರ್ಬೆಟ್ 1926ರಲ್ಲಿ ಕೊಂದ ರುದ್ರಪ್ರಯಾಗದ ಚಿರತೆ ಸರ್ಕಾರಿ ಲೆಕ್ಕದಂತೆ 125 ಜನರನ್ನು ತಿಂದಿತ್ತು. ಇಲ್ಲಿ ಭಯಕ್ಕೆ ಕಾರಣವಿದೆ, ಹೆಜ್ಜೆಗುರುತಿದೆ, ಕೊನೆಯಿದೆ. ಪ್ರೌಢಶಾಲೆಯ ಗಂಭೀರ ವಾಚಕರಿಗೆ ಜನ್ನನ ಯಶೋಧರ ಚರಿತೆಯ ಆರಂಭವನ್ನು ಶಿಕ್ಷಕರೇ ಹೊಸಗನ್ನಡದಲ್ಲಿ ಹೇಳಬಹುದು. ಚಂಡಮಾರಿಯ ಗುಡಿಯಲ್ಲಿ ಬಲಿಗಾಗಿ ತಂದು ನಿಲ್ಲಿಸಿದ ಇಬ್ಬರು ಎಳೆಯರ ಹೆಸರು ಅಭಯರುಚಿ, ಅಭಯಮತಿ. ಕವಿ ಆ ಹೆಸರುಗಳನ್ನು ಏಕೆ ಉಳಿಸಿಕೊಂಡನೆಂಬ ಪ್ರಶ್ನೆಯೊಂದೇ ಒಂದು ಅವಧಿಗೆ ಸಾಕು.

ಬೇರೆಡೆಯ ಪುಸ್ತಕಪಟ್ಟಿಗಳಲ್ಲಿ ಕಾಣದ ಒಂದು ಎಚ್ಚರ ಇಲ್ಲಿ ಅಗತ್ಯ. ಹಳೆಯ ಮೆದಕ್, ರಂಗಾರೆಡ್ಡಿ ಜಿಲ್ಲೆಗಳಲ್ಲಿಯೂ ಗಡಿಯಾಚೆಯ ಬೀದರ್, ಕಲಬುರಗಿಗಳಲ್ಲಿಯೂ ಭಾನಾಮತಿಯ ನಂಬಿಕೆ ಬೇರೂರಿದೆ. ಮಾಟ ಮಾಡಿದರೆಂಬ ಸಂಶಯದಿಂದ ಮನುಷ್ಯರ ಮೇಲೆ ಹಲ್ಲೆ ನಡೆದಿದೆ. ವಾಮಾಚಾರ ತಡೆಗೆ ಕರ್ನಾಟಕವು 2017ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಇಂಥ ಊರಿನಲ್ಲಿ, ಓಣಿಯ ಕೊನೆಯ ಮನೆಯ ಒಂಟಿ ಮುದುಕಿ ಮಾಟಗಾತಿಯೆಂದು ಬಯಲಾಗಿ ಊರವರಿಂದ ಪೆಟ್ಟು ತಿನ್ನುವ ಕಥೆ ನಿರುಪದ್ರವಿಯಲ್ಲ. ಅದನ್ನು ಓದಿದ ಮಗು ಸಂಜೆ ತನ್ನ ಓಣಿಯ ಕೊನೆಯ ಮನೆಯನ್ನು ನೋಡುತ್ತದೆ. ಅಲ್ಲಿಯೂ ಯಾರೋ ಒಬ್ಬ ವಿಧವೆ ಇರುತ್ತಾಳೆ. ಅವಳ ಮೊಮ್ಮಗಳು ಅದೇ ತರಗತಿಯ ಮುಂದಿನ ಬೆಂಚಿನಲ್ಲಿ ಕುಳಿತಿರಲೂಬಹುದು. ಏಳು ಸಮುದ್ರದಾಚೆಯ ರಕ್ಕಸಿ, ಮರದ ಬೇತಾಳ, ಕಾಡಿನ ಚಿರತೆ ಯಾರ ನೆರೆಯವರೂ ಅಲ್ಲ. ನೆರೆಯವರ ಮುಖ ಹೊತ್ತ ಭೂತವಿರುವ ಪುಸ್ತಕವನ್ನು, ಅದು ಎಷ್ಟೇ ಜನಪ್ರಿಯವಾಗಿರಲಿ, ಶಾಲೆಯ ಕಪಾಟಿನಲ್ಲಿ ಇಡಬಾರದು.

ಕಾಲವೂ ಮುಖ್ಯ. ವಸತಿನಿಲಯದ ಮಕ್ಕಳಿಗೆ ಇಂಥ ಪುಸ್ತಕವನ್ನು ಸೋಮವಾರ ಬೆಳಿಗ್ಗೆ ಕೊಡುವುದು ಲೇಸು. ಶನಿವಾರ ಸಂಜೆ ಕೊಟ್ಟರೆ ರಾತ್ರಿ ಹೊರಗಿನ ಶೌಚಾಲಯಕ್ಕೆ ಹೋಗಲು ಅಂಜಿ ಕಿರಿಯರು ಹಾಸಿಗೆ ಒದ್ದೆ ಮಾಡಿಕೊಂಡಾರು, ಅದಕ್ಕೆ ಹಿರಿಯರ ಹಾಸ್ಯವೂ ಸೇರೀತು. ಮನೆಯಲ್ಲಿ ಇತ್ತೀಚೆಗೆ ಸಾವು ಕಂಡ ಮಗುವಿಗೆ ತಾನಾಗಿ ಕೇಳುವವರೆಗೆ ಕೊಡಬಾರದು, ಕೇಳಿದರೆ ನಿರಾಕರಿಸಲೂಬಾರದು. ಅರ್ಧಕ್ಕೆ ಮರಳಿಸಿದ ಪುಸ್ತಕದ ಬಗ್ಗೆ ತರಗತಿಯ ಮುಂದೆ ಕಾರಣ ಕೇಳದೆ, ವಹಿಯಲ್ಲಿ ದಿನಾಂಕ ಬರೆದು ಇನ್ನೊಂದನ್ನು ಆರಿಸಿಕೊಳ್ಳಲು ಬಿಡಬೇಕು.