‘ಬೇಟೆ’: ಪದದ ಮೂಲ ಮತ್ತು ವ್ಯಾಕರಣ

ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ವಿದ್ಯಾರ್ಥಿಗೆ ಬೇಟೆಯ ಅರ್ಥದಲ್ಲಿ ಮೂರು ಪದಗಳು ಪರಿಚಿತ: ಕನ್ನಡದ ‘ಬೇಟೆ’, ಪ್ರಾಕೃತ ಮೂಲದ ಮರಾಠಿ ‘ಪಾರಧ’, ಫಾರಸಿಯಿಂದ ಎರಡೂ ನುಡಿಗಳಿಗೆ ಬಂದ ‘ಶಿಕಾರ’. ಅರ್ಥ ಒಂದೇ ಆದರೂ ಇವುಗಳ ವ್ಯಾಕರಣ ಒಂದೇ ಅಲ್ಲ. ಈ ಭೇದವನ್ನು ಅರಿಯದಿದ್ದರೆ ನಮ್ಮ ವಾಕ್ಯರಚನೆಯೂ ಕಾವ್ಯದ ಓದೂ ದಾರಿ ತಪ್ಪುತ್ತವೆ.

‘ಬೇಟೆ’ ಅಚ್ಚಗನ್ನಡ ಪದ. ಇದರ ಹಳಗನ್ನಡ ರೂಪ ‘ಬೇಂಟೆ’. ದೀರ್ಘಸ್ವರದ ಮುಂದಿನ ಅನುನಾಸಿಕ ಲೋಪಗೊಂಡು ‘ತೋಂಟ’ವು ತೋಟವೂ ‘ದಾಂಟು’ ಎಂಬುದು ದಾಟು ಎಂದೂ ಆದಂತೆ, ‘ಬೇಂಟೆ’ ಬೇಟೆಯಾಯಿತು. ಹ್ರಸ್ವಸ್ವರವುಳ್ಳ ಎಂಟು, ಗಂಟು, ನಂಟುಗಳಲ್ಲಿ ಅನುನಾಸಿಕ ಉಳಿದಿದೆ. ತಮಿಳಿನ ‘ವೇಟ್ಟೈ’, ಮಲಯಾಳದ ‘ವೇಟ್ಟ’, ತೆಲುಗಿನ ‘ವೇಟ’ ಇದರ ಸೋದರ ಪದಗಳು. ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುತ್ತದೆ: ತಮಿಳಿನ ‘ವಿಲ್’ ನಮ್ಮಲ್ಲಿ ಬಿಲ್ಲು, ‘ವೇರ್’ ಬೇರು, ‘ವಾಯ್’ ಬಾಯಿ. ಬೇಟೆಗಾರನೆಂಬ ಅರ್ಥದ ‘ಬೇಡ’ ಎಂಬ ನಾಮಪದವೂ ಇದೇ ಕುಲದ್ದು.

ಇಲ್ಲೊಂದು ಎಚ್ಚರ ಅಗತ್ಯ. ಹಳಗನ್ನಡ ಕಾವ್ಯಗಳಲ್ಲಿ ಬರುವ ‘ಬೇಟ’ ಎಂದರೆ ಪ್ರೇಮ, ಬಯಕೆ. ಅಕಾರಾಂತವಾದ ‘ಬೇಟ’ವನ್ನು ಎಕಾರಾಂತವಾದ ‘ಬೇಟೆ’ಯೆಂದು ಗ್ರಹಿಸಿದರೆ ಶೃಂಗಾರದ ಪದ್ಯವು ಕಾಡಿನ ವರ್ಣನೆಯಾಗಿಬಿಡುತ್ತದೆ. ವಿಭಕ್ತಿ ಹತ್ತಿದಾಗ ಭೇದ ಸ್ಪಷ್ಟವಾಗುತ್ತದೆ: ಬೇಟವನ್ನು, ಬೇಟಕ್ಕೆ, ಬೇಟೆಯನ್ನು, ಬೇಟೆಗೆ. ಮೊದಲನೆಯದರಲ್ಲಿ ವಕಾರಾಗಮ, ಎರಡನೆಯದರಲ್ಲಿ ಯಕಾರಾಗಮ.

‘ಆಡು’ ಧಾತು ಸೇರಿದಾಗಲೂ ಯಕಾರ ಬಂದು ‘ಬೇಟೆಯಾಡು’ ಆಗುತ್ತದೆ. ತಮಿಳಿನ ‘ವೇಟ್ಟೈಯಾಡು’, ತೆಲುಗಿನ ‘ವೇಟಾಡು’ ಇದೇ ಬಗೆಯವು. ‘ಗಾರ’ ಎಂಬ ತದ್ಧಿತ ಪ್ರತ್ಯಯದಿಂದ ‘ಬೇಟೆಗಾರ’ ಸಿದ್ಧಿಸುತ್ತದೆ.

ಮರಾಠಿಯೊಡನೆ ಹೋಲಿಸಿದಾಗ ಕನ್ನಡದ ಕ್ರಮ ಇನ್ನೂ ನಿಚ್ಚಳವಾಗುತ್ತದೆ. ಮರಾಠಿಯಲ್ಲಿ ‘ಶಿಕಾರ’ ಸ್ತ್ರೀಲಿಂಗ. ‘ತ್ಯಾನೇ ಶಿಕಾರ ಕೇಲೀ’ ಎಂಬಲ್ಲಿ ಕರ್ತೃ ಪುಲ್ಲಿಂಗವಾಗಿದ್ದರೂ ಕ್ರಿಯಾಪದವು ಕರ್ಮವನ್ನು ಅನುಸರಿಸಿ ಸ್ತ್ರೀಲಿಂಗದಲ್ಲಿದೆ. ಕನ್ನಡದ ‘ಬೇಟೆ’ ನಪುಂಸಕಲಿಂಗ. ಕ್ರಿಯಾಪದವು ಕರ್ತೃವನ್ನೇ ಅನುಸರಿಸುತ್ತದೆ: ಅವನು ಬೇಟೆಯಾಡಿದನು, ಅವಳು ಬೇಟೆಯಾಡಿದಳು.

ಎರವಲು ಪದದ ಅರ್ಥವೂ ಗಡಿ ದಾಟುವಾಗ ಬದಲಾಗಿದೆ. ಮರಾಠಿಯಲ್ಲಿ ‘ಶಿಕಾರ’ ಕ್ರಿಯೆ, ‘ಶಿಕಾರೀ’ ವ್ಯಕ್ತಿ. ಕನ್ನಡದಲ್ಲಿ ‘ಶಿಕಾರಿಗೆ ಹೋದನು’ ಎನ್ನುತ್ತೇವೆ. ಇಲ್ಲಿ ‘ಶಿಕಾರಿ’ಯೇ ಬೇಟೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯ ಹೆಸರನ್ನು ಮರಾಠಿಯ ಅಭ್ಯಾಸದಿಂದ ‘ಬೇಟೆಗಾರ’ ಎಂದಷ್ಟೇ ತಿಳಿದರೆ, ಮುಂಬಯಿಯ ಕಂಪನಿ ಜಗತ್ತಿನಲ್ಲಿ ಬೇಟೆಗೆ ಗುರಿಯಾಗುವ ನಾಗಪ್ಪನ ಪಾಡು ಹೆಸರಿನಿಂದ ಮರೆಯಾಗುತ್ತದೆ. ಎರಡು ನುಡಿಗಳನ್ನು ಬಲ್ಲ ನಮಗೆ ಈ ಸೂಕ್ಷ್ಮವನ್ನು ಗುರುತಿಸುವ ಅನುಕೂಲ ಹುಟ್ಟಿನಿಂದಲೇ ದೊರೆತಿದೆ. ವ್ಯಾಕರಣದ ಅರಿವು ಅದನ್ನು ವಿದ್ಯೆಯಾಗಿಸುತ್ತದೆ.