ರಾಕ್ ಬ್ಯಾಂಡ್ ಟೂರ್ ಹೊರಟಾಗ: ಸಾಮಾನು, ಸೌಂಡ್, ಸಂಭಾವನೆ

ಮನೆಯ ಮಗಳೋ ಮಗನೋ ಹೆಗಲಿಗೆ ಗಿಟಾರ್ ಏರಿಸಿ, "ಬ್ಯಾಂಡ್ ಜೊತೆ ಹೈದರಾಬಾದ್, ಪುಣೆ, ಮುಂಬೈ ಟೂರ್ ಇದೆ" ಎಂದರೆ ಹೆತ್ತವರಿಗೆ ಮೊದಲು ಹೊಳೆಯುವುದು ಮೂರು ಪ್ರಶ್ನೆ. ನುಡಿಸುವುದೆಲ್ಲಿ? ದುಡ್ಡು ಕೊಡುವವರ್ಯಾರು? ಉಳಿಯುವುದೆಲ್ಲಿ? ಮೊದಲ ಸಲ ಹೊರಡುವ ಬ್ಯಾಂಡಿನವರಿಗೂ ಇವೇ ಪ್ರಶ್ನೆಗಳು. ಒಂದೊಂದಾಗಿ ನೋಡೋಣ.

ಎಲ್ಲಿ ನುಡಿಸುತ್ತಾರೆ?

ಸಣ್ಣ ವೇದಿಕೆ ಎಂದರೆ ಐವತ್ತರಿಂದ ಮುನ್ನೂರು ಜನ ಹಿಡಿಸುವ ಪಬ್, ಕೆಫೆ ಅಥವಾ ಕ್ಲಬ್. ಬೆಂಗಳೂರಿನಲ್ಲಿ 1996ರಲ್ಲಿ ಶುರುವಾದ ಥರ್ಮಲ್ ಆಂಡ್ ಎ ಕ್ವಾರ್ಟರ್, 2002ರಲ್ಲಿ ಶುರುವಾದ ಸ್ವರಾತ್ಮ ಇಂಥ ಕಡೆಯೆಲ್ಲ ನುಡಿಸಿದ ಬ್ಯಾಂಡ್‌ಗಳು. ಈ ಜಾಗಗಳಿಗೆ ಆಯಸ್ಸು ಕಡಿಮೆ. ಮುಂಬೈಯ ಬ್ಲೂ ಫ್ರಾಗ್ 2016ರಲ್ಲಿ, ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿದವು. ಹಾಗಾಗಿ ಹಳೆಯ ಪಟ್ಟಿ ನಂಬಿ ಹೊರಡಬೇಡಿ. ಆ ಊರಿನಲ್ಲಿ ಇತ್ತೀಚೆಗೆ ನುಡಿಸಿ ಬಂದ ಬ್ಯಾಂಡಿನವರನ್ನು ಕೇಳಿ.

ಯಕ್ಷಗಾನ ಮೇಳ ತಿರುಗಾಟಕ್ಕೆ ಹೊರಟರೆ ರಂಗಸ್ಥಳ, ದೀಪ, ವೇಷದ ಪೆಟ್ಟಿಗೆ ಎಲ್ಲವೂ ಲಾರಿಯಲ್ಲಿ ಜೊತೆಗೇ ಬರುತ್ತವೆ. ಸಣ್ಣ ಬ್ಯಾಂಡಿಗೆ ಆ ಅನುಕೂಲವಿಲ್ಲ. ದಿನಕ್ಕೊಂದು ವೇದಿಕೆ, ದಿನಕ್ಕೊಂದು ಬಗೆಯ ಸ್ಪೀಕರ್. ಅದಕ್ಕೇ ಅರ್ಧ ಕೆಲಸ ಹೊರಡುವ ಮೊದಲೇ ಕಾಗದದ ಮೇಲೆ ಮುಗಿಯಬೇಕು.

ಆ ಕಾಗದ ಯಾವುದು?

ಅದರ ಹೆಸರು ಟೆಕ್ ರೈಡರ್. ಅಂದರೆ ಬ್ಯಾಂಡಿಗೆ ಏನೇನು ಬೇಕು ಎಂಬ ಪಟ್ಟಿ. ಇದರಲ್ಲಿ ಮೂರು ಭಾಗ. ಸ್ಟೇಜ್ ಪ್ಲಾಟ್: ಯಾರು ಎಲ್ಲಿ ನಿಲ್ಲುತ್ತಾರೆ ಎಂಬ ನಕ್ಷೆ. ಇನ್‌ಪುಟ್ ಲಿಸ್ಟ್: ಮಿಕ್ಸರ್‌ನ ಯಾವ ಚಾನೆಲ್‌ಗೆ ಯಾವ ವಾದ್ಯ ಅಥವಾ ಮೈಕ್ ಎಂಬ ಲೆಕ್ಕ. ಬ್ಯಾಕ್‌ಲೈನ್: ಆ ಜಾಗದವರೇ ಒದಗಿಸಬೇಕಾದ ಡ್ರಮ್ ಸೆಟ್, ಆಂಪ್ಲಿಫಯರ್ ಮುಂತಾದವು. ಊಟ, ನೀರು, ರೂಮಿನ ಪಟ್ಟಿ ಬೇರೆ; ಅದಕ್ಕೆ ಹಾಸ್ಪಿಟಾಲಿಟಿ ರೈಡರ್ ಎನ್ನುತ್ತಾರೆ.

ಕಳಿಸಿದರೆ ಸಾಲದು, "ಇದರಲ್ಲಿ ಯಾವುದು ನಿಮ್ಮಲ್ಲಿಲ್ಲ?" ಎಂದು ಬರಹದಲ್ಲೇ ಉತ್ತರ ಪಡೆಯಿರಿ. ಇಲ್ಲದ್ದನ್ನು ಬಾಡಿಗೆಗೆ ತರಿಸುವ ಖರ್ಚು ಯಾರದ್ದು ಎಂಬುದೂ ಅಲ್ಲೇ ತೀರ್ಮಾನವಾಗಲಿ.

ಸಾಮಾನು ಹೇಗೆ ಸಾಗಿಸುವುದು?

ಡ್ರಮ್ ಸೆಟ್ ಪೂರ್ತಿ ಹೊರುವುದು ಬೇಡ. ಡ್ರಮ್ಮರ್ ತನ್ನ ಸ್ನೇರ್, ಸಿಂಬಲ್‌ಗಳು, ಕಾಲಿನಿಂದ ಒತ್ತುವ ಕಿಕ್ ಪೆಡಲ್ ಒಯ್ದರೆ ಸಾಕು. ರೈಲಿನಲ್ಲಿ ಸ್ಲೀಪರ್ ಮತ್ತು ಎಸಿ ತ್ರೀ ಟಯರ್ ಪ್ರಯಾಣಿಕರಿಗೆ ತಲಾ 40 ಕೆ.ಜಿ. ಉಚಿತ. ದೇಶದೊಳಗಿನ ವಿಮಾನಗಳ ಸಾಮಾನ್ಯ ಟಿಕೆಟ್‌ಗೆ ಹೆಚ್ಚಾಗಿ 15 ಕೆ.ಜಿ. ಮಾತ್ರ, ಮೇಲಿನ ಪ್ರತಿ ಕಿಲೋಗೂ ಹಣ ಕಟ್ಟಬೇಕು. ವಿಮಾನದಲ್ಲಿ ಗಿಟಾರ್ ಕೊಡುವುದಾದರೆ ಗಟ್ಟಿ ಪೆಟ್ಟಿಗೆ ಬೇಕೇ ಬೇಕು, ತಂತಿಗಳನ್ನು ಸ್ವಲ್ಪ ಸಡಿಲಿಸಿಡಿ. ಐದಾರು ಜನರಿದ್ದು ಊರುಗಳು ಹತ್ತಿರವಿದ್ದರೆ ಟೆಂಪೊ ಟ್ರಾವೆಲರ್ ಒಳ್ಳೆಯದು. ಆದರೆ ಷೋ ಮುಗಿದ ರಾತ್ರಿಯೇ ಬ್ಯಾಂಡಿನವರು ಗಾಡಿ ಓಡಿಸಬಾರದು. ಡ್ರೈವರ್‌ಗೂ ನಿದ್ದೆಯ ಸಮಯ ಇಟ್ಟೇ ದಾರಿ ಯೋಜಿಸಿ.

ತಂತಿ, ಕೇಬಲ್, 9 ವೋಲ್ಟ್ ಬ್ಯಾಟರಿ, ಫ್ಯೂಸ್, ಅಂಟುಪಟ್ಟಿ ಜೋಡಿಯಾಗಿ ಇರಲಿ. ಬೆಂಗಳೂರಿನವರಿಗೆ ಕೇಬಲ್, ಕನೆಕ್ಟರ್‌ಗಳಿಗೆ ಎಸ್.ಪಿ. ರಸ್ತೆ ಇದ್ದೇ ಇದೆ.

ಒಂದು ದಿನ ಹೇಗೆ ಸಾಗುತ್ತದೆ?

ರಾತ್ರಿ ಒಂಬತ್ತಕ್ಕೆ ಷೋ ಎಂದರೆ ಮಧ್ಯಾಹ್ನ ಮೂರಕ್ಕೇ ಸಾಮಾನು ಇಳಿಸಬೇಕು. ನಾಲ್ಕಕ್ಕೆ ಸೌಂಡ್‌ಚೆಕ್. ಮೊದಲು ಡ್ರಮ್ಮಿನ ಒಂದೊಂದೇ ಭಾಗ, ಆಮೇಲೆ ಬೇಸ್, ಗಿಟಾರ್, ಕೀಬೋರ್ಡ್, ಕೊನೆಗೆ ಹಾಡುವವರು. ನಂತರ ಎಲ್ಲರೂ ಸೇರಿ ಒಂದು ಹಾಡು. ಜನರ ಕಡೆಗಿನ ಸದ್ದು ಒಂದು. ನುಡಿಸುವವರಿಗೆ ತಮ್ಮದೇ ವಾದ್ಯ ಕೇಳಿಸಲೆಂದು ಅವರತ್ತ ತಿರುಗಿಸಿಟ್ಟ ಮಾನಿಟರ್ ಸ್ಪೀಕರ್‌ನ ಸದ್ದು ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ಹೊಂದಿಸುತ್ತಾರೆ.

ಎರಡು ಬ್ಯಾಂಡ್ ಇದ್ದರೆ ಕೊನೆಗೆ ನುಡಿಸುವವರದ್ದು ಸಾಮಾನ್ಯವಾಗಿ ಮೊದಲ ಸೌಂಡ್‌ಚೆಕ್. ಆಗ ಮೊದಲು ನುಡಿಸುವವರ ಸಾಮಾನು ವೇದಿಕೆಯ ಮೇಲೆ ಸಿದ್ಧವಾಗಿಯೇ ಉಳಿಯುತ್ತದೆ. ಖಾಲಿ ಹಾಲ್‌ನಲ್ಲಿ ಕಿವಿಗೆ ಚುಚ್ಚಿದ ಸದ್ದಿಗೆ ಗಾಬರಿ ಬೇಡ. ಜನ ತುಂಬಿದಾಗ ಅವರ ಮೈ, ಬಟ್ಟೆಗಳು ಎತ್ತರದ ಸ್ವರಗಳನ್ನು ಹೀರಿಕೊಳ್ಳುವುದರಿಂದ ಅದು ತಗ್ಗುತ್ತದೆ.

ಕಿವಿಯ ಬಗ್ಗೆ ಒಂದು ಮಾತು. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು ಕಾಲು ಗಂಟೆ. ಇಯರ್‌ಪ್ಲಗ್ ಇಲ್ಲದೆ ಟೂರ್ ಹೊರಡಬೇಡಿ.

ದುಡ್ಡಿನ ಲೆಕ್ಕ

ಸಂಭಾವನೆ ಎರಡು ಬಗೆ. ನಿಗದಿತ ಮೊತ್ತ, ಇಲ್ಲವೇ ಟಿಕೆಟ್ ಹಣದಲ್ಲಿ ಪಾಲು. ಉದಾಹರಣೆಗೆ ಟಿಕೆಟ್ ₹400, ಬಂದವರು 120, ಬ್ಯಾಂಡಿನ ಪಾಲು 70% ಎಂದುಕೊಳ್ಳಿ. ಕೈಗೆ ₹33,600. ಪ್ರಯಾಣಕ್ಕೆ ₹14,000, ರೂಮಿಗೆ ₹6,000, ಊಟಕ್ಕೆ ₹3,000, ಸೌಂಡ್ ಎಂಜಿನಿಯರ್‌ಗೆ ₹5,000 ಕಳೆದರೆ ಉಳಿಯುವುದು ₹5,600. ನಾಲ್ವರ ಬ್ಯಾಂಡಿನಲ್ಲಿ ತಲಾ ₹1,400. ಆದ್ದರಿಂದ ಟೀ ಷರ್ಟ್ ಮಾರಾಟವನ್ನು ಹಗುರವಾಗಿ ಕಾಣಬೇಡಿ. ಎಷ್ಟೋ ಸಲ ಊಟದ ಖರ್ಚು ಗಿಟ್ಟುವುದು ಅದರಿಂದಲೇ.

"ಕವರ್ ಚಾರ್ಜ್" ಎಂದರೆ ಎಚ್ಚರ. ಬಾಗಿಲಲ್ಲಿ ಕೊಟ್ಟ ಹಣವನ್ನು ಗಿರಾಕಿ ಊಟಕ್ಕೆ ಹೊಂದಿಸಿಕೊಳ್ಳುವ ಕಡೆ ಬ್ಯಾಂಡಿಗೆ ಪಾಲು ಯಾವುದರಲ್ಲಿ ಎಂದು ಮೊದಲೇ ಕೇಳಿ. ಸಂಭಾವನೆ ವರ್ಷದ ಮಿತಿ ದಾಟಿದರೆ ಟಿಡಿಎಸ್ ಹಿಡಿಯುತ್ತಾರೆ, ಅಂದರೆ ತೆರಿಗೆಯನ್ನು ಮುಂಗಡವಾಗಿ ಕಳೆದು ಕೊಡುತ್ತಾರೆ. ಪ್ಯಾನ್ ಕೊಟ್ಟಿದ್ದರೆ ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು.

ಪರವಾನಗಿ ಯಾರ ಹೊಣೆ?

ಜಾಗದ ಮಾಲೀಕರದ್ದು. ಆದರೂ ವಿಚಾರಿಸಿಕೊಳ್ಳಿ. ಬೆಂಗಳೂರಿನ ಮನರಂಜನಾ ಸ್ಥಳಗಳಿಗೆ ಪೊಲೀಸ್ ಪರವಾನಗಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಆ ವರ್ಷ ನಗರದ ಹಲವು ಪಬ್‌ಗಳಲ್ಲಿ ಸಂಗೀತವೇ ನಿಂತಿತ್ತು. ತೆರೆದ ಜಾಗವಾದರೆ ದೇಶದೆಲ್ಲೆಡೆ ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಹಾಡು ಸ್ವಂತದ್ದಾದರೆ, ಕವಿಗಳಿಗೂ ಸ್ವರಸಂಯೋಜಕರಿಗೂ ಗೌರವಧನ ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ.

ಎಲ್ಲಿಂದ ಶುರು ಮಾಡುವುದು?

ಮೊದಲು ನಿಮ್ಮ ಊರಿನಲ್ಲೇ ಟಿಕೆಟ್ ಇಟ್ಟು ನುಡಿಸಿ. ಹೊರಗಿನ ಜಾಗದವರಿಗೆ ಎರಡು ಲೈವ್ ವಿಡಿಯೊ, ಟೆಕ್ ರೈಡರ್ ಮತ್ತು ಹಿಂದಿನ ಷೋಗಳಿಗೆ ಬಂದ ಜನರ ನಿಜವಾದ ಸಂಖ್ಯೆ ಕಳಿಸಿ. ಮೊದಲ ಟೂರ್‌ಗೆ ಮೂರು ಊರು ಸಾಕು. ಪ್ರತಿ ಊರಿನಲ್ಲೂ ಅಲ್ಲಿನದೇ ಒಂದು ಬ್ಯಾಂಡ್ ಜೊತೆಗಿರಲಿ. ಅವರ ಗೆಳೆಯರೇ ನಿಮ್ಮ ಮೊದಲ ಕೇಳುಗರು. ಕೆಲವು ತಿಂಗಳ ನಂತರ ಅದೇ ಮೂರು ಊರಿಗೆ ಮತ್ತೆ ಹೋಗಿ. ಜನ ಹೆಚ್ಚಿದ್ದರೆ ನಾಲ್ಕನೇ ಊರು ಸೇರಿಸಿ, ಇಲ್ಲದಿದ್ದರೆ ಮೊದಲು ಹಾಡುಗಳ ಕಡೆ ಗಮನ ಕೊಡಿ.